ಒಪ್ಪಿಗೆ ಬಟನ್ ಒತ್ತುವವರು ದಡ್ಡರಲ್ಲ

ನಿಮ್ಮ ಫೋನಿನ ಪರದೆಯ ಮೇಲೆ ಬಟನ್ ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು, ಅದರ ಮೇಲೆ ಏನು ಬರೆದಿರಬೇಕು ಎಂದು ತೀರ್ಮಾನಿಸುವುದೇ ಒಂದು ಉದ್ಯೋಗ. ನಾನು ಅದರಲ್ಲೇ ಅನ್ನ ತಿನ್ನುತ್ತಿರುವವಳು. ಹಾಗಾಗಿ ಇವತ್ತಿನ ವಿಷಯವಾದ ಒಪ್ಪಿಗೆಯ ಬಗ್ಗೆ ವಕೀಲರ ಹಾಗೆ ಹೇಳಲು ನನಗೆ ಬರುವುದಿಲ್ಲ. ಬಟನ್ ಇಡುವವರ ಕಡೆಯಿಂದ ಹೇಳುತ್ತೇನೆ.

ಹೊಸ ಆ್ಯಪ್ ಹಾಕಿಕೊಂಡಾಗ, ಆಸ್ಪತ್ರೆಯ ಕೌಂಟರಿನಲ್ಲಿ ಟ್ಯಾಬ್ ಮುಂದೆ ಹಿಡಿದು "ಇಲ್ಲೊಂದು ಸೈನ್ ಮಾಡಿ" ಅಂದಾಗ, ಯಾವುದೋ ವೆಬ್‌ಸೈಟ್ ತೆರೆದ ಕೂಡಲೇ ಅರ್ಧ ಪರದೆ ಮುಚ್ಚಿಕೊಂಡು ಕುಕೀ (ನಿಮ್ಮನ್ನು ಗುರುತಿಟ್ಟುಕೊಳ್ಳಲು ವೆಬ್‌ಸೈಟ್ ನಿಮ್ಮ ಫೋನಿನಲ್ಲಿ ಇಡುವ ಚಿಕ್ಕ ಫೈಲು) ಬಗ್ಗೆ ಕೇಳಿದಾಗ ನೀವು ಏನು ಮಾಡುತ್ತೀರಿ? ಎಲ್ಲಿ ಒತ್ತಿದರೆ ಇದು ಹೋಗುತ್ತೆ ಅಂತ ಹುಡುಕುತ್ತೀರಿ, ಅಲ್ವಾ? ನಾನೂ ಅಷ್ಟೇ. ಇದನ್ನು ನೋಡಿ ತಿಳಿದವರು ಹೇಳುವ ಮಾತು ಒಂದೇ: "ಜನ ಓದುವುದೇ ಇಲ್ಲ. ಓದದೆ ಒಪ್ಪುತ್ತಾರೆ, ಆಮೇಲೆ ಗೋಳಾಡುತ್ತಾರೆ." ಈ ಮಾತು ಅರ್ಧ ನಿಜ. ಉಳಿದರ್ಧದ ಮೇಲೆ ನನ್ನ ತಕರಾರಿದೆ.

ಮೊದಲು ನಿಜವಾದ ಅರ್ಧ ನೋಡೋಣ. 2017ರಲ್ಲಿ ಬ್ರಿಟನ್ನಿನ ಪರ್ಪಲ್ ಎಂಬ ವೈಫೈ ಕಂಪನಿ ಒಂದು ತಮಾಷೆ ಮಾಡಿತು. ಪುಕ್ಕಟೆ ವೈಫೈಯ ಷರತ್ತುಗಳ ನಡುವೆ ಒಂದು ಕಲಂ ತೂರಿಸಿತು. ಒಪ್ಪಿದವರು 1000 ಗಂಟೆ ಸಮಾಜಸೇವೆ ಮಾಡಬೇಕು ಅಂತ. ಸೇವೆ ಅಂದರೆ ಪಾರ್ಕಿನಲ್ಲಿ ಪ್ರಾಣಿಗಳ ಹೇಲು ಬಳಿಯುವುದು, ಉತ್ಸವಗಳಲ್ಲಿ ಇಡುವ ಶೌಚಾಲಯ ತೊಳೆಯುವುದು, ಕಟ್ಟಿಕೊಂಡ ಚರಂಡಿ ಬಿಡಿಸುವುದು. ಬಸವನಹುಳುವಿನ ಚಿಪ್ಪಿಗೆ ಬಣ್ಣ ಹಚ್ಚುವುದೂ ಪಟ್ಟಿಯಲ್ಲಿತ್ತು. ಎರಡು ವಾರದಲ್ಲಿ 22,000 ಜನ ಒಪ್ಪಿದರು. ಗಮನಿಸಿ ತಿಳಿಸಿದವರು ಒಬ್ಬರು.

ಇನ್ನೊಂದು ಸಂಶೋಧಕರ ಕೆಲಸ. ಜೊನಾಥನ್ ಒಬಾರ್ ಮತ್ತು ಆ್ಯನ್ ಓಲ್ಡಾರ್ಫ್ ಹರ್ಶ್ ಎಂಬಿಬ್ಬರು ಒಂದು ಸುಳ್ಳು ಸೋಷಿಯಲ್ ನೆಟ್‌ವರ್ಕ್ ಹುಟ್ಟುಹಾಕಿದರು. 543 ಕಾಲೇಜು ವಿದ್ಯಾರ್ಥಿಗಳನ್ನು ಸೇರಲು ಕರೆದರು. ಸೇವೆಗೆ ಬೆಲೆಯಾಗಿ ನಿಮ್ಮ ಚೊಚ್ಚಲ ಮಗುವನ್ನು ಒಪ್ಪಿಸಬೇಕು ಎಂದು ಷರತ್ತಿನೊಳಗೆ ಬರೆದಿಟ್ಟಿದ್ದರು. ನೂರಕ್ಕೆ 98 ಜನಕ್ಕೆ ಅದು ಕಾಣಲೇ ಇಲ್ಲ. ನಿಮ್ಮ ಮಾಹಿತಿಯನ್ನು ಏನು ಮಾಡುತ್ತೇವೆ ಅಂತ ಕಂಪನಿ ಬರೆದಿಡುವ ಪ್ರೈವೆಸಿ ಪಾಲಿಸಿಯ ಪುಟ ತೆರೆದವರು ಕೂಡ ಸರಾಸರಿ ಒಂದು ನಿಮಿಷ ಚಿಲ್ಲರೆ ಅಲ್ಲಿದ್ದರು, ಅಷ್ಟೇ.

ಇಂಥ ಕಥೆ ಕೇಳಿ ನಾವೆಲ್ಲ ನಗುತ್ತೇವೆ. ಜನ ಎಷ್ಟು ಪೆದ್ದರು ಅಂದುಕೊಳ್ಳುತ್ತೇವೆ. ಸ್ವಲ್ಪ ಇರಿ. 2008ರಲ್ಲೇ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಅಲೀಶಿಯಾ ಮೆಕ್‌ಡೊನಾಲ್ಡ್ ಮತ್ತು ಲೋರಿ ಕ್ರೇನರ್ ಒಂದು ಲೆಕ್ಕ ಹಾಕಿದರು. ಒಬ್ಬ ಅಮೆರಿಕನ್ ತಾನು ವರ್ಷದಲ್ಲಿ ನೋಡುವ ಎಲ್ಲ ವೆಬ್‌ಸೈಟುಗಳ ಪ್ರೈವೆಸಿ ಪಾಲಿಸಿ ಓದಲು ಕೂತರೆ 200 ಗಂಟೆಗೂ ಜಾಸ್ತಿ ಬೇಕು. ದಿನಕ್ಕೆ ಎಂಟು ಗಂಟೆಯ ಡ್ಯೂಟಿ ಅಂದುಕೊಂಡರೆ ಒಂದು ತಿಂಗಳ ಕೆಲಸ. ಅದೂ 2008ರ ಮಾತು. ಆಗ ನಮ್ಮ ಕೈಯಲ್ಲಿ ಇಷ್ಟು ಆ್ಯಪ್ ಇರಲಿಲ್ಲ. ಪ್ರತಿ ವರ್ಷ ಒಂದು ತಿಂಗಳು ರಜೆ ಹಾಕಿ ಷರತ್ತು ಓದುವವರು ಯಾರಾದರೂ ಇದ್ದರೆ ಅವರನ್ನು ನಾವು ಜಾಣರು ಅಂತೀವಾ? ನೆಂಟರು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ.

ಇನ್ನೂ ಒಂದು ಮಾತಿದೆ. ಪೂರ್ತಿ ಓದಿದಿರಿ ಅಂತಲೇ ಇಟ್ಟುಕೊಳ್ಳಿ. ಹದಿನೇಳನೇ ಕಲಂ ನಿಮಗೆ ಹಿಡಿಸಲಿಲ್ಲ. ಮುಂದೇನು? ಅದನ್ನು ಹೊಡೆದುಹಾಕಿ ಉಳಿದದ್ದಕ್ಕೆ ಸಹಿ ಮಾಡಲು ಆಗುತ್ತದೆಯೇ? ಆಗುವುದಿಲ್ಲ. ಒಪ್ಪಿದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಟೋಲ್ ಗೇಟಿನಲ್ಲಿ ಯಾರಿಗೆಲ್ಲ ಶುಲ್ಕ ಇಲ್ಲ ಅಂತ ಒಂದು ದೊಡ್ಡ ಬೋರ್ಡ್ ಇರುತ್ತೆ ನೋಡಿ, ರಾಷ್ಟ್ರಪತಿಗಳಿಂದ ಶುರುವಾಗಿ. ಅದನ್ನು ಪೂರ್ತಿ ಓದಿದವರು ಕೈ ಎತ್ತಿ. ಯಾಕೆ ಓದಲಿಲ್ಲ? ಓದಿದರೂ ನೀವು ಕೊಡಬೇಕಾದದ್ದು ಕೊಟ್ಟೇ ಹೋಗಬೇಕು ಅಂತ ಗೊತ್ತು. ಒಪ್ಪಿಗೆ ಫಾರಂ ಅನ್ನೂ ಜನ ಹಾಗೇ ನೋಡುತ್ತಾರೆ. ಅಲ್ಲಿ ತಮ್ಮನ್ನು ಯಾರೋ ಪ್ರಶ್ನೆ ಕೇಳುತ್ತಿದ್ದಾರೆ ಅಂತ ಅವರಿಗೆ ಅನ್ನಿಸುವುದೇ ಇಲ್ಲ. ಅದೊಂದು ಗೇಟು. ದಾಟಬೇಕು. ನನ್ನ ಪ್ರಕಾರ ಅವರ ಅಂದಾಜು ಸರಿಯಾಗಿಯೇ ಇದೆ.

ತಪ್ಪು ತಿಳಿವಳಿಕೆ ಇರುವುದು ಬೇರೆ ಕಡೆ. ಅಮೆರಿಕದ ಪ್ಯೂ ಸಂಸ್ಥೆ 2014ರಲ್ಲಿ ಅಲ್ಲಿನ ಜನರಿಗೆ ಒಂದು ಪ್ರಶ್ನೆ ಕೇಳಿತ್ತು. ಒಂದು ಕಂಪನಿ ಪ್ರೈವೆಸಿ ಪಾಲಿಸಿ ಹಾಕಿದೆ ಅಂದರೆ ನಿಮ್ಮ ಮಾಹಿತಿಯನ್ನೆಲ್ಲ ಗುಟ್ಟಾಗಿ ಇಡುತ್ತದೆ ಅಂತ ಅರ್ಥವೇ? ನೂರಕ್ಕೆ 52 ಜನ ಹೌದು ಅಂದರು. ಪಾಲಿಸಿಯ ಒಳಗೆ "ನಿಮ್ಮ ಮಾಹಿತಿಯನ್ನು ನಮ್ಮ ಪಾಲುದಾರರಿಗೆ ಕೊಡುತ್ತೇವೆ" ಅಂತ ಬರೆದಿರಬಹುದು. ತಲೆಬರಹದಲ್ಲಿ ಮಾತ್ರ ಪ್ರೈವೆಸಿ ಅಂತಿದೆ. ಜನ ತಲೆಬರಹ ನಂಬಿ ಸುಮ್ಮನಾದರು. ನಮ್ಮಲ್ಲೂ ಇದನ್ನು ನೋಡುತ್ತೇನೆ. ಬೀಗದ ಚಿತ್ರ ಇಟ್ಟರೆ, "100% ಸುರಕ್ಷಿತ" ಅಂತ ಹಸಿರು ಅಕ್ಷರದಲ್ಲಿ ಬರೆದರೆ, ಜನ ಧೈರ್ಯವಾಗಿ ಒತ್ತುತ್ತಾರೆ. ಬೀಗದ ಚಿತ್ರ ಬಿಡಿಸಲು ಯಾರ ಲೈಸೆನ್ಸೂ ಬೇಕಾಗಿಲ್ಲ.

ಈಗ ನನ್ನ ಕಸುಬಿನ ಕಡೆ ಬರುತ್ತೇನೆ. ಒಂದು ಕುಕೀ ಬ್ಯಾನರನ್ನು ಹತ್ತಿರದಿಂದ ನೋಡೋಣ. ಬಲಗಡೆ ಕೆಳಗೆ, ಬಲಗೈ ಹೆಬ್ಬೆರಳು ತಾನಾಗಿ ಹೋಗಿ ಕೂರುವ ಜಾಗದಲ್ಲಿ, ದಪ್ಪ ನೀಲಿ ಬಟನ್: "ಎಲ್ಲವನ್ನೂ ಒಪ್ಪುತ್ತೇನೆ". ಅದರ ಪಕ್ಕದಲ್ಲಿ, ಬಟನ್ ಅಂತಲೂ ಅನ್ನಿಸದ ಬೂದು ಅಕ್ಷರ: "ಆಯ್ಕೆಗಳನ್ನು ನಿರ್ವಹಿಸಿ". ಬೇಡ ಅನ್ನುವ ಬಟನ್ ಇಲ್ಲವೇ ಇಲ್ಲ. ಬೇಡ ಅನ್ನಬೇಕಾದರೆ ಬೂದು ಅಕ್ಷರ ಒತ್ತಬೇಕು. ಇನ್ನೊಂದು ಪುಟ ಬರುತ್ತೆ. ಅಲ್ಲಿ ಹತ್ತಾರು ಸ್ವಿಚ್ಚು. ಒಂದೊಂದನ್ನೇ ಆರಿಸಬೇಕು. ಎಲ್ಲ ಆರಿಸಿ ಕೆಳಗೆ ಬಂದರೆ ಅಲ್ಲಿ ಮತ್ತೆ ದಪ್ಪ ನೀಲಿ ಬಟನ್ "ಎಲ್ಲವನ್ನೂ ಒಪ್ಪುತ್ತೇನೆ", ಪಕ್ಕದಲ್ಲಿ ಬೂದು ಅಕ್ಷರದ "ಉಳಿಸಿ". ಕೈ ತಪ್ಪಿ ನೀಲಿ ಒತ್ತಿದಿರೋ, ಮಾಡಿದ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಇದು ತಾನಾಗಿ ಆದದ್ದಲ್ಲ. ಬಟನ್ನಿನ ಬಣ್ಣಕ್ಕೆ ಮೀಟಿಂಗ್ ನಡೆಯುತ್ತೆ. ಎರಡು ಬಣ್ಣ ಇಟ್ಟು ಯಾವುದಕ್ಕೆ ಜಾಸ್ತಿ ಒತ್ತು ಬಿತ್ತು ಅಂತ ಎಣಿಸುತ್ತಾರೆ. 2020ರಲ್ಲಿ ಕೆಲವು ಸಂಶೋಧಕರು ಬ್ರಿಟನ್ನಿನ ವೆಬ್‌ಸೈಟುಗಳ ಇಂಥ ಬ್ಯಾನರುಗಳನ್ನು ಪರೀಕ್ಷಿಸಿದರು. ಜೊತೆಗೆ ಅವರು ಮಾಡಿದ ಪ್ರಯೋಗದಲ್ಲಿ "ಬೇಡ" ಬಟನ್ನನ್ನು ಮೊದಲ ಪುಟದಿಂದ ತೆಗೆದು ಒಳಗೆ ಬಚ್ಚಿಟ್ಟರೆ ಒಪ್ಪುವವರ ಪ್ರಮಾಣ ನೂರಕ್ಕೆ 22ರಷ್ಟು ಏರಿತು. ಷರತ್ತು ಅದೇ, ಜನವೂ ಅಂಥವರೇ. ಬಟನ್ ಇರುವ ಜಾಗ ಮಾತ್ರ ಬೇರೆ. ಈಗ ಹೇಳಿ, ಆ 22 ಜನ ಒಪ್ಪಿದರು ಅಂತ ಹೇಗೆ ಬರೆದುಕೊಳ್ಳುವುದು?

ಯುರೋಪಿನಲ್ಲಿ ಇದಕ್ಕೆ ಕಾನೂನು ಇದೆ, ಜಿಡಿಪಿಆರ್ ಅಂತ. 2018ರ ಮೇ 25ರಿಂದ ಜಾರಿಯಲ್ಲಿದೆ. ಮೊದಲೇ ಟಿಕ್ ಹಾಕಿಟ್ಟ ಚೌಕವನ್ನು ಒಪ್ಪಿಗೆ ಅನ್ನಲಾಗದು ಎಂದು ಅಲ್ಲಿನ ಉನ್ನತ ನ್ಯಾಯಾಲಯ 2019ರಲ್ಲಿ ಹೇಳಿತು. ಅದು ಪ್ಲ್ಯಾನೆಟ್49 ಎಂಬ ಜರ್ಮನಿಯ ಲಾಟರಿ ಕಂಪನಿಯ ಪ್ರಕರಣ. ಕುಕೀ ಒಪ್ಪುವುದು ಒಂದೇ ಒತ್ತು, ಬೇಡ ಅನ್ನುವುದಕ್ಕೆ ಹಲವು ಒತ್ತು ಯಾಕೆ ಅಂತ ಕೇಳಿ ಫ್ರಾನ್ಸಿನ ಡೇಟಾ ರಕ್ಷಣಾ ಸಂಸ್ಥೆ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಪ್ರಕಟಿಸಿತು. ನಮ್ಮಲ್ಲೂ 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ 13 ಬಗೆಯ ಕಳ್ಳ ವಿನ್ಯಾಸಗಳ ಪಟ್ಟಿ ಮಾಡಿ ಅವನ್ನು ಬಳಸಬಾರದು ಅಂದಿದೆ. "ಬೇಡ, ನನಗೆ ನನ್ನ ಮನೆಯವರ ಕಾಳಜಿ ಇಲ್ಲ" ಅಂತ ಬರೆದ ಬಟನ್ ನೋಡಿದ್ದೀರಾ? ಬೇಡ ಅನ್ನುವವರಿಗೆ ನಾಚಿಕೆ ಆಗುವಂತೆ ಮಾಡುವುದು. ಅದೂ ಆ ಪಟ್ಟಿಯಲ್ಲಿದೆ. ಇನ್ಶೂರೆನ್ಸ್ ಮಾರುವವರಿಗೆ ಅದು ಬಹಳ ಪ್ರೀತಿ.

ಇಷ್ಟೂ ಹೊರದೇಶದವರು ಒಬ್ಬೊಬ್ಬರೇ ಕಂಪ್ಯೂಟರ್ ಮುಂದೆ ಕೂತು ಮಾಡುವ ಒಪ್ಪಿಗೆಯ ಮಾತಾಯಿತು. ನಮ್ಮ ಮನೆಗಳಲ್ಲಿ ಬಟನ್ ಒತ್ತುವವರು ಯಾರು? ಅಜ್ಜಿಯ ಫೋನಿಗೆ ಆ್ಯಪ್ ಹಾಕಿಕೊಡುವುದು ಮೊಮ್ಮಗ. ಅಮ್ಮನ ಫೋನಿನಲ್ಲಿ ಅಲೋ (ಅಂದರೆ ಅನುಮತಿ ಇದೆ), ಅಲೋ, ಅಲೋ ಅಂತ ಒತ್ತುವವಳು ಎಂಟನೇ ಕ್ಲಾಸಿನ ಮಗಳು. ವೈಯಕ್ತಿಕ ಮಾಹಿತಿ ಕಾಯಲು ಬಂದ ನಮ್ಮ ಹೊಸ ಕಾನೂನಿನ ಪ್ರಕಾರ (ಅದರ ವಿಷಯ ಮುಂದೆ ಹೇಳುತ್ತೇನೆ) 18 ವರ್ಷದ ಒಳಗಿನ ಮಕ್ಕಳ ಮಾಹಿತಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಮನೆಯಲ್ಲಿ ನಡೆಯುವುದು ಉಲ್ಟಾ. ಅಪ್ಪ ಅಮ್ಮನ ಮಾಹಿತಿಗೆ ಮಕ್ಕಳು ಒಪ್ಪಿಗೆ ಕೊಡುತ್ತಿದ್ದಾರೆ.

ಒಂದು ಸಣ್ಣ ಊರಿನ ಸೈಬರ್ ಸೆಂಟರಿನಲ್ಲಿ ನಾನು ಒಂದು ಮಧ್ಯಾಹ್ನ ಕೂತಿದ್ದೆ. ಕೆಲಸದ ಮೇಲೆಯೇ ಹೋಗಿದ್ದೆ, ಜನ ಅರ್ಜಿ ಹೇಗೆ ತುಂಬುತ್ತಾರೆ ನೋಡಲು. ಒಬ್ಬ ತಾಯಿ ಮಗಳ ಸ್ಕಾಲರ್‌ಶಿಪ್ ಅರ್ಜಿ ಹಾಕಿಸಲು ಬಂದರು. ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್, ಜಾತಿ ಆದಾಯ ಸರ್ಟಿಫಿಕೇಟ್, ಪಾಸ್‌ಬುಕ್ ಜೆರಾಕ್ಸ್. ಸೆಂಟರಿನ ಹುಡುಗ ಟೈಪ್ ಮಾಡುತ್ತಾ ಹೋದ. ಪರದೆಯಲ್ಲಿ ಇಂಗ್ಲಿಷಿನ ಒಂದು ಪ್ಯಾರಾ ಬಂತು, ಆಧಾರ್ ಮೂಲಕ ನನ್ನ ಗುರುತು ಪರೀಕ್ಷಿಸಲು ನನ್ನ ಅಭ್ಯಂತರ ಇಲ್ಲ ಅಂತ. ಪಕ್ಕದ ಚೌಕದಲ್ಲಿ ಟಿಕ್ ಬಿತ್ತು. ಕಣ್ಣು ಮಿಟುಕಿಸುವುದರೊಳಗೆ.

"ಅಕ್ಕಾ, ಓಟಿಪಿ ಬಂತಾ?"

"ಬಂದಿರ್ಬೇಕು ನೋಡಪ್ಪ. ನೀನೇ ನೋಡ್ಕೋ." ಫೋನೇ ಕೈಗೆ ಕೊಟ್ಟರು.

ಹುಡುಗ ಆರು ಅಂಕಿ ಹಾಕಿದ. ಆಗ ಆ ತಾಯಿ ಒಂದು ಪ್ರಶ್ನೆ ಕೇಳಿದರು: "ಇದ್ರಲ್ಲಿ ದುಡ್ಡು ಕಟ್ ಆಗಲ್ಲ ತಾನೇ?"

"ಇಲ್ಲ ಅಕ್ಕಾ, ಇದು ಬರೀ ಆಧಾರ್‌ದು."

"ಹಂಗಾದ್ರೆ ಸರಿ."

ನನಗೆ ಬೇಕಾದದ್ದು ಅಲ್ಲಿ ಸಿಕ್ಕಿತು. ಆ ಅಮ್ಮ ಏನನ್ನೂ ಯೋಚಿಸದೆ ಒಪ್ಪಿದರು ಅಂತ ಹೇಳಲು ಸಾಧ್ಯವೇ? ಅವರಿಗೆ ಮುಖ್ಯವಾದ ಅಪಾಯ ಯಾವುದು ಅಂತ ಗೊತ್ತಿತ್ತು. ಅದನ್ನು ಕೇಳಿದರು. ಉತ್ತರ ಕೊಟ್ಟವನ ಮುಖ ನೋಡಿದರು. ಆಮೇಲೆ ಸರಿ ಅಂದರು. ಅವರ ಒಪ್ಪಿಗೆ ಅಲ್ಲಿ, ಆ "ಹಂಗಾದ್ರೆ ಸರಿ"ಯಲ್ಲಿ ಆಯಿತು. ಆದರೆ ಕಂಪ್ಯೂಟರ್ ಬರೆದುಕೊಂಡದ್ದು ಟಿಕ್ಕನ್ನು ಮತ್ತು ಓಟಿಪಿಯನ್ನು. ಅವೆರಡೂ ಅವರ ಪ್ರಶ್ನೆಗಿಂತ ಮೊದಲೇ ಆಗಿಹೋಗಿದ್ದವು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಓಟಿಪಿ ಬಗ್ಗೆ ಹೇಳುತ್ತೇನೆ. ನಮ್ಮ ದೇಶದಲ್ಲಿ ನಿಜವಾದ ಒಪ್ಪಿಗೆ ಫಾರಂ ಓಟಿಪಿಯೇ ಅಂತ ನನಗೆ ಅನ್ನಿಸುತ್ತೆ. ಜನರ ಮನಸ್ಸಿನಲ್ಲಿ ಅದು ನಂಬರ್ ನಮ್ಮದೇ ಅಂತ ತೋರಿಸುವ ಗುರುತು. ವ್ಯವಸ್ಥೆಯ ಲೆಕ್ಕದಲ್ಲಿ ಹಲವು ಕಡೆ ಅದೇ ಸಹಿ. ಮಜಾ ನೋಡಿ, ನಮ್ಮ ಜನ ಡಿಜಿಟಲ್ ಲೋಕದ ಬಗ್ಗೆ ಗಟ್ಟಿಯಾಗಿ ಕಲಿತಿರುವ ಪಾಠ ಒಂದೇ ಒಂದು: ಓಟಿಪಿ ಯಾರಿಗೂ ಹೇಳಬಾರದು. ಬ್ಯಾಂಕಿನವರು ಪ್ರತಿ ಮೆಸೇಜಿನಲ್ಲೂ ಹೇಳಿ ಹೇಳಿ ಕಲಿಸಿದರು. ಹೇಳಿದವರ ದುಡ್ಡು ಹೋದದ್ದನ್ನು ಊರೇ ನೋಡಿತು. ನಿಯಮ ಚಿಕ್ಕದು, ತಪ್ಪಿದರೆ ಆಗುವ ನಷ್ಟ ಕಣ್ಣಿಗೆ ಕಾಣುತ್ತೆ, ಅದಕ್ಕೇ ನಾಟಿತು. ಆದರೆ ದಿನ ಬೆಳಗಾದರೆ ಪಾರ್ಸಲ್ ತಂದವರಿಗೆ ಓಟಿಪಿ ಹೇಳಬೇಕು, ಕ್ಯಾಬಿನ ಡ್ರೈವರಿಗೆ ಹೇಳಬೇಕು, ಗ್ಯಾಸ್ ಸಿಲಿಂಡರ್ ತಂದವರಿಗೆ ಹೇಳಬೇಕು, ಸೈಬರ್ ಸೆಂಟರಿನಲ್ಲಿ ಹೇಳಬೇಕು. ಹೇಳಬಾರದು ಅಂತ ಕಲಿಸಿ, ಹೇಳದೆ ಕೆಲಸ ಆಗದಂತೆ ಮಾಡಿಟ್ಟಿದ್ದೇವೆ. ಆಮೇಲೆ ಮೋಸ ಹೋದವರನ್ನು ಬೈಯುತ್ತೇವೆ.

ಫಾರಂಗಳು ಮುಚ್ಚಿಡುವ ಇನ್ನೊಂದು ವಿಷಯ ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುತ್ತದೆ. "ನಿಮ್ಮ ಕಾಂಟ್ಯಾಕ್ಟ್ಸ್ ನೋಡಲು ಅನುಮತಿ ಕೊಡಿ" ಅಂತ ಆ್ಯಪ್ ಕೇಳುತ್ತೆ. ನಿಮ್ಮ ಅಂತ ಬರೆದಿರುತ್ತೆ. ನಿಮ್ಮ ಕಾಂಟ್ಯಾಕ್ಟ್ಸ್‌ನಲ್ಲಿ ಯಾರಿದ್ದಾರೆ? ಹಾಲಿನ ಮಂಜಣ್ಣ. ಅಕ್ಕ ಮೈಸೂರು. ಪ್ಲಂಬರ್ ಹೊಸಬ. ಸುಮಾ ಟೀಚರ್. ಓನರ್ ಆಂಟಿ. ಇವರೆಲ್ಲ ಎಲ್ಲಿ ಒಪ್ಪಿದರು? ನಿಮ್ಮ ಒಂದು ಒತ್ತಿಗೆ ಇವರೆಲ್ಲರ ನಂಬರು, ಅದರ ಜೊತೆಗೆ ನೀವು ಇಟ್ಟ ಹೆಸರು, ಇನ್ನೊಬ್ಬರ ಸರ್ವರಿಗೆ ಹೋಯಿತು. ಗೊತ್ತಿಲ್ಲದ ನಂಬರಿನ ಹೆಸರು ತೋರಿಸುವ ಆ್ಯಪ್‌ಗಳು ಹುಟ್ಟಿದ್ದೇ ಇದರಿಂದ.

ಸಾಲದ ಆ್ಯಪ್‌ಗಳ ವಿಷಯದಲ್ಲಿ ಇದು ಭೀಕರವಾಯಿತು. ಐದು ಸಾವಿರ, ಹತ್ತು ಸಾವಿರ ಸಾಲ, ಏಳು ದಿನದಲ್ಲಿ ಕಟ್ಟಬೇಕು. ಹಾಕಿಕೊಳ್ಳುವಾಗ ಕಾಂಟ್ಯಾಕ್ಟ್ಸ್, ಗ್ಯಾಲರಿ, ಎಲ್ಲದಕ್ಕೂ ಅಲೋ. ಕಂತು ತಪ್ಪಿದ ದಿನವೇ ಭಾವನಿಗೆ, ಆಫೀಸಿನ ಮೇಲಧಿಕಾರಿಗೆ, ಹೆಣ್ಣು ನೋಡಿ ಬಂದ ಮನೆಯವರಿಗೆ ಮೆಸೇಜು: ಇವರು ಕಳ್ಳರು. ಕೆಲವರಿಗೆ ತಿರುಚಿದ ಫೋಟೋ. ದೇಶದ ಹಲವು ಕಡೆ ಜನ ಜೀವ ಕಳೆದುಕೊಂಡರು. ಆಮೇಲೆ ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲಿ ಮಾರ್ಗಸೂಚಿ ತಂದಿತು. ಸಾಲದ ಆ್ಯಪ್‌ಗಳು ಫೋನಿನ ಫೈಲು, ಫೋಟೋ, ಕಾಂಟ್ಯಾಕ್ಟ್ಸ್, ಕಾಲ್ ಲಾಗ್ ಮುಟ್ಟುವಂತಿಲ್ಲ. ಗುರುತು ಪರೀಕ್ಷೆಗೆ ಬೇಕಾದರೆ ಕ್ಯಾಮೆರಾ, ಮೈಕ್, ಲೊಕೇಶನ್ ಇಂಥದ್ದನ್ನು ಒಂದು ಸಲ ಮಾತ್ರ, ಕೇಳಿಕೊಂಡು ಬಳಸಬಹುದು. ಇಲ್ಲಿ ರಿಸರ್ವ್ ಬ್ಯಾಂಕ್ ಏನು ಮಾಡಿತು ಗಮನಿಸಿ. ಜನರಿಗೆ ಸರಿಯಾಗಿ ಓದಿ ಒಪ್ಪಿ ಅಂತ ಬುದ್ಧಿ ಹೇಳಲಿಲ್ಲ. ಒಪ್ಪಿದರೂ ತೆಗೆದುಕೊಳ್ಳಬೇಡಿ ಅಂತ ಸಾಲ ಕೊಡುವವರಿಗೆ ಹೇಳಿತು. ನನಗೆ ಇದು ಸರಿ ಅನ್ನಿಸುತ್ತೆ. ಮಗುವಿನ ಆಸ್ಪತ್ರೆ ಬಿಲ್ಲಿಗೆ ರಾತ್ರಿ ಹನ್ನೊಂದಕ್ಕೆ ದುಡ್ಡು ಹುಡುಕುವವರು ಯಾವ ಷರತ್ತಿಗೂ ಒಪ್ಪುತ್ತಾರೆ. ಅಲ್ಲಿ ಹೋಗಿ ಓದುವ ಪಾಠ ಮಾಡುವುದು ಅನ್ಯಾಯ.

"ಜನಕ್ಕೆ ಪ್ರೈವೆಸಿ ಬೇಡವೇ ಬೇಡ ಮೇಡಂ, ಸುಮ್ನೆ ನೀವು ತಲೆ ಕೆಡಿಸಿಕೊಳ್ಳುತ್ತೀರಿ" ಅಂತ ನನಗೆ ಬಹಳ ಜನ ಹೇಳಿದ್ದಾರೆ. ಅವರಿಗೆ ಎರಡು ಘಟನೆ ನೆನಪಿಸುತ್ತೇನೆ. ಎರಡೂ 2021ರವು.

ಆ ವರ್ಷದ ಜನವರಿಯಲ್ಲಿ ವಾಟ್ಸ್‌ಆ್ಯಪ್ ಒಂದು ನೋಟಿಸ್ ಕಳಿಸಿತು, ಹೊಸ ಪಾಲಿಸಿಯನ್ನು ಫೆಬ್ರವರಿ 8ರೊಳಗೆ ಒಪ್ಪಬೇಕು ಅಂತ. ನಿಮ್ಮ ಫ್ಯಾಮಿಲಿ ಗ್ರೂಪಿನಲ್ಲೂ ಗದ್ದಲ ಎದ್ದಿರಬೇಕು. ನಮ್ಮ ಮೆಸೇಜೆಲ್ಲ ಓದುತ್ತಾರಂತೆ ಅಂತ ಚಿಕ್ಕಪ್ಪಂದಿರು ಫಾರ್ವರ್ಡ್ ಮಾಡಿದರು. ಆ ವಿವರ ತಪ್ಪು. ಬದಲಾವಣೆ ಇದ್ದದ್ದು ಮುಖ್ಯವಾಗಿ ವ್ಯಾಪಾರ ಸಂಸ್ಥೆಗಳ ಜೊತೆಗಿನ ಚಾಟ್ ಬಗ್ಗೆ. ಆದರೆ "ಒಪ್ಪು, ಇಲ್ಲಾ ಹೋಗು" ಅನ್ನುವ ದನಿ ಜನರಿಗೆ ಸರಿಯಾಗಿಯೇ ಕೇಳಿಸಿತ್ತು. ಲಕ್ಷಾಂತರ ಜನ ಸಿಗ್ನಲ್, ಟೆಲಿಗ್ರಾಂ ಕಡೆ ಓಡಿದರು. ಕಂಪನಿ ಗಡುವನ್ನು ಮೇ 15ಕ್ಕೆ ಮುಂದೂಡಿತು. 2024ರ ನವೆಂಬರಿನಲ್ಲಿ ನಮ್ಮ ಸ್ಪರ್ಧಾ ಆಯೋಗ ಇದೇ ನೋಟಿಸಿನ ವಿಷಯದಲ್ಲಿ ವಾಟ್ಸ್‌ಆ್ಯಪ್‌ನ ಮಾತೃಸಂಸ್ಥೆ ಮೆಟಾಗೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿ ಅಪೀಲು ಹೋಯಿತು. ಅದಿರಲಿ, ಓಡಿದವರು ಏನಾದರು? ನಾನೂ ಸಿಗ್ನಲ್ ಹಾಕಿಕೊಂಡೆ. ಅಲ್ಲಿ ಯಾರೂ ಇರಲಿಲ್ಲ. ಮಗುವಿನ ಶಾಲೆ, ಅಪಾರ್ಟ್‌ಮೆಂಟ್, ತರಕಾರಿಯವರು, ಎಲ್ಲರೂ ಹಳೆಯ ಕಡೆಯೇ ಇದ್ದರು. ವಾಪಸ್ ಬಂದು ಒಪ್ಪುತ್ತೇನೆ ಒತ್ತಿದೆ. ಲೆಕ್ಕದಲ್ಲಿ ನಾನೂ ಸಂತೋಷವಾಗಿ ಒಪ್ಪಿದವರಲ್ಲಿ ಒಬ್ಬಳು.

ಎರಡನೆಯದು ಅದೇ ವರ್ಷದ ಏಪ್ರಿಲ್‌ನದು. ಆ್ಯಪಲ್ ತನ್ನ ಐಫೋನಿನಲ್ಲಿ ಒಂದು ಪ್ರಶ್ನೆ ತಂದಿತು. ಈ ಆ್ಯಪ್ ಬೇರೆ ಕಂಪನಿಗಳ ಆ್ಯಪ್, ವೆಬ್‌ಸೈಟುಗಳಲ್ಲೂ ನಿಮ್ಮನ್ನು ಹಿಂಬಾಲಿಸಬಹುದೇ? ಎರಡು ಬಟನ್. ಎರಡೂ ಒಂದೇ ಅಳತೆ, ಒಂದೇ ಬಣ್ಣ. ಬೇಡ ಅಂದರೂ ಆ್ಯಪ್ ನಡೆಯುತ್ತೆ. ಬಹಳ ಜನ ಬೇಡ ಅಂದರು. ಎಷ್ಟು ಜನ ಅಂದರೆ, ಇದರಿಂದ 2022ರಲ್ಲಿ ತನ್ನ ವರಮಾನಕ್ಕೆ ಸುಮಾರು 1000 ಕೋಟಿ ಡಾಲರ್ ಹೊಡೆತ ಬೀಳಬಹುದು ಎಂದು ಫೇಸ್‌ಬುಕ್ಕಿನ ಮಾತೃಸಂಸ್ಥೆಯೇ ಹೇಳಿಕೊಂಡಿತು. ಆ್ಯಪಲ್ ಇದನ್ನು ಧರ್ಮಕ್ಕೆ ಮಾಡಿತು ಅಂತ ನಾನು ಹೇಳುತ್ತಿಲ್ಲ, ಅದರ ಲಾಭ ಅದಕ್ಕಿದೆ. ಆದರೆ ಇಷ್ಟು ದಿನ ಓದದೆ ಒತ್ತುತ್ತಿದ್ದ ಅದೇ ಜನ ಇಲ್ಲಿ ಓದಿದರು. ಒಂದು ಸಾಲು ಇತ್ತು, ಓದಿದರು. ಉತ್ತರಕ್ಕೆ ಬೆಲೆ ಇತ್ತು, ಕೊಟ್ಟರು.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೋಸೆಫ್ ಟುರೋ ಮತ್ತು ಸಂಗಡಿಗರು 2015ರಲ್ಲಿ ಇದನ್ನೇ ಇನ್ನೊಂದು ರೀತಿ ತೋರಿಸಿದ್ದರು. ರಿಯಾಯಿತಿ ಸಿಗುತ್ತೆ, ಅದಕ್ಕೆ ಜನ ಖುಷಿಯಿಂದ ಮಾಹಿತಿ ಕೊಡುತ್ತಾರೆ ಅಂತ ಮಾರುಕಟ್ಟೆಯವರ ವಾದ. ಟುರೋ ತಂಡದವರು ಕೇಳಿ ನೋಡಿದರೆ ಅರ್ಧಕ್ಕೂ ಜಾಸ್ತಿ ಅಮೆರಿಕನ್ನರ ಮಾತು ಬೇರೆಯೇ ಇತ್ತು. ನಮ್ಮ ಮಾಹಿತಿ ನಮ್ಮ ಕೈಯಲ್ಲಿ ಇರಬೇಕು ಅಂತ ಆಸೆ. ಆದರೆ ಅದು ಕೈ ಬಿಟ್ಟುಹೋಗಿದೆ, ಏನೂ ಮಾಡಲಾಗದು ಅಂತ ಒಪ್ಪಿಕೊಂಡುಬಿಟ್ಟಿದ್ದೇವೆ. ನಮ್ಮ ಕಡೆ ಇದನ್ನು "ಎಲ್ಲಾ ಹೋಗೇ ಹೋಗಿದೆ, ಇನ್ನೇನು ಬಿಡಿ" ಅನ್ನುತ್ತೇವೆ. ಆಟೋದವರು, ಪ್ರೊಫೆಸರು, ನನ್ನ ಜೊತೆ ಕೆಲಸ ಮಾಡುವ ಎಂಜಿನಿಯರುಗಳು, ಎಲ್ಲರ ಬಾಯಲ್ಲೂ ಇದೇ ಮಾತು ಕೇಳಿದ್ದೇನೆ. ಒಪ್ಪಿಗೆ ಅಂತ ದಾಖಲಾಗುವುದರಲ್ಲಿ ಬಹುಪಾಲು ಈ "ಬಿಡಿ"ಯೇ.

ನಮ್ಮ ಕಾನೂನಿನ ಬಗ್ಗೆ ಹೇಳುವ ಮೊದಲು ನಮ್ಮ ರಾಜ್ಯದ ಒಬ್ಬರನ್ನು ನೆನೆಯಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. ಪ್ರೈವೆಸಿ ಮೂಲಭೂತ ಹಕ್ಕೇ ಅಲ್ಲ ಅಂತ ಸರ್ಕಾರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಅದು ಮೂಲಭೂತ ಹಕ್ಕು ಅಂದರು. ದೇಶದ ಎಲ್ಲ ಕಾನೂನು ಕಾಲೇಜುಗಳಲ್ಲಿ ಈಗ ಆ ತೀರ್ಪು ಪುಟ್ಟಸ್ವಾಮಿ ಅನ್ನುವ ಹೆಸರಿನಲ್ಲೇ ಓಡಾಡುತ್ತದೆ. ಅವರು 2024ರಲ್ಲಿ ತೀರಿಕೊಂಡರು.

ಆ ತೀರ್ಪಿನ ನಂತರ ಸಮಿತಿ, ಕರಡು, ವಾಪಸ್, ಮತ್ತೆ ಕರಡು ಅಂತ ಆರು ವರ್ಷ ಹೋಗಿ 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ನಿಯಮಗಳು 2025ರ ನವೆಂಬರಿನಲ್ಲಿ ಬಂದವು. ಕಂಪನಿಗಳ ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಸಮಯ ಕೊಟ್ಟಿದ್ದಾರೆ. ಕಾಯ್ದೆಯಲ್ಲಿ ನನಗೆ ಇಷ್ಟವಾದ ಒಂದು ಉದಾಹರಣೆ ಇದೆ. ಒಬ್ಬಾಕೆ ಫೋನಿನಲ್ಲೇ ಡಾಕ್ಟರನ್ನು ಕಾಣುವ ಆ್ಯಪ್ ಹಾಕಿಕೊಳ್ಳುತ್ತಾಳೆ. ಅದು ಚಿಕಿತ್ಸೆಗೆ ಬೇಕಾದ ಮಾಹಿತಿಯನ್ನೂ ಕೇಳುತ್ತೆ, ಕಾಂಟ್ಯಾಕ್ಟ್ಸನ್ನೂ ಕೇಳುತ್ತೆ. ಆಕೆ ಎರಡಕ್ಕೂ ಹೂಂ ಅನ್ನುತ್ತಾಳೆ. ಕಾಯ್ದೆ ಹೇಳುತ್ತೆ: ಚಿಕಿತ್ಸೆಗೆ ಕಾಂಟ್ಯಾಕ್ಟ್ಸ್ ಬೇಕಾಗಿಲ್ಲ, ಹಾಗಾಗಿ ಆಕೆಯ ಒಪ್ಪಿಗೆ ಚಿಕಿತ್ಸೆಯ ಮಟ್ಟಿಗೆ ಮಾತ್ರ. ಒತ್ತಿದ್ದು ಒತ್ತಿದ್ದೇ ಅಂತ ಕಂಪನಿ ಹೇಳುವಂತಿಲ್ಲ. ಇದೇ ಕಾಯ್ದೆ, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ತೆಗೆದುಕೊಳ್ಳಲು ಆಗಬೇಕು ಅನ್ನುತ್ತೆ. ನೋಟಿಸನ್ನು ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಇರಬೇಕು. ಅಂದರೆ ಕನ್ನಡದಲ್ಲೂ.

ಕನ್ನಡದಲ್ಲಿ ಬಂದರೆ ಒಳ್ಳೆಯದು, ನನಗೂ ಆಸೆ. ಆದರೆ ಯಾವ ಕನ್ನಡ? ಸರ್ಕಾರಿ ಗೆಜೆಟ್ಟಿನ ಕನ್ನಡದಲ್ಲಿ ನಾಲ್ಕು ಪುಟ ಬಂದರೆ ಅದನ್ನೂ ತಳ್ಳಿಕೊಂಡು ಕೆಳಗೆ ಹೋಗುತ್ತೇವೆ. ಆ ಸ್ಕಾಲರ್‌ಶಿಪ್ ತಾಯಿಯ ಪ್ರಶ್ನೆಯಿಂದ ನೋಟಿಸ್ ಶುರುವಾಗಲಿ ಅಂತ ನಾನು ಕೆಲಸದಲ್ಲಿ ವಾದ ಮಾಡುತ್ತಿರುತ್ತೇನೆ. ದುಡ್ಡು ಕಟ್ ಆಗುತ್ತಾ? ಯಾರಿಗೆ ಕೊಡುತ್ತೀರಿ? ನನ್ನ ನೆಂಟರಿಗೆ ಫೋನ್ ಮಾಡುತ್ತೀರಾ? ಬೇಡ ಅಂದರೆ ಏನಾಗುತ್ತೆ? ನಾಲ್ಕು ಪ್ರಶ್ನೆ, ನಾಲ್ಕು ಉತ್ತರ. ಲೀಗಲ್ ವಿಭಾಗದವರು ಪ್ರತಿ ಸಲ ಇದನ್ನು ನೋಡಿ, ಚೆನ್ನಾಗಿದೆ ಆದರೆ ಸಾಲದು ಅನ್ನುತ್ತಾರೆ. ಆಮೇಲೆ ನಾಲ್ಕು ಪುಟ ಆಗುತ್ತೆ.

ಕಾಯ್ದೆಯ ಬಗ್ಗೆ ಬೇಸರವೂ ಇದೆ. ಸಬ್ಸಿಡಿ, ಸೌಲಭ್ಯ, ಸರ್ಟಿಫಿಕೇಟ್, ಲೈಸೆನ್ಸ್ ಕೊಡುವಾಗ ಹಲವು ಸಂದರ್ಭಗಳಲ್ಲಿ ಸರ್ಕಾರ ಒಪ್ಪಿಗೆ ಕೇಳಬೇಕಾಗಿಯೇ ಇಲ್ಲ. ಬಡವರ ಮಾಹಿತಿ ಜಾಸ್ತಿ ಇರುವುದೇ ಅಲ್ಲಿ. ಮಾಹಿತಿ ಸೋರದಂತೆ ಕಾಯದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ ಅಂತ ಪತ್ರಿಕೆಗಳಲ್ಲಿ ದಪ್ಪ ಅಕ್ಷರದಲ್ಲಿ ಬಂತು. ಅದೇ ಕಾಯ್ದೆಯಲ್ಲಿ, ಸುಳ್ಳು ಅಥವಾ ಕ್ಷುಲ್ಲಕ ದೂರು ಕೊಟ್ಟ ನಾಗರಿಕರಿಗೂ 10,000 ರೂಪಾಯಿವರೆಗೆ ದಂಡ ಇದೆ. ಯಾವುದು ಕ್ಷುಲ್ಲಕ ಅಂತ ಹೆದರಿ ಜನ ದೂರೇ ಕೊಡದಿದ್ದರೆ ಅಚ್ಚರಿ ಇಲ್ಲ.

ಇದನ್ನೆಲ್ಲ ಒಂದು ಸಭೆಯಲ್ಲಿ ಹೇಳಿ ಮುಗಿಸಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಒಬ್ಬರು ಮೇಷ್ಟ್ರು ಕೇಳಿದರು: "ಅದೆಲ್ಲ ಸರಿ ಮೇಡಂ. ಇವತ್ತು ಮನೆಗೆ ಹೋಗಿ ನಾನು ಏನು ಮಾಡಲಿ?" ನಾನು ಹೇಳಿದೆ: ಪಾಲಿಸಿ ಓದಲು ಹೇಳುವುದಿಲ್ಲ ಸರ್. ನಿಮ್ಮದು ಆ್ಯಂಡ್ರಾಯ್ಡ್ ಫೋನಾದರೆ ಸೆಟ್ಟಿಂಗ್ಸ್‌ಗೆ ಹೋಗಿ. ಪ್ರೈವೆಸಿ ಅನ್ನುವಲ್ಲಿ ಪರ್ಮಿಷನ್ ಮ್ಯಾನೇಜರ್ ಅಂತ ಇರುತ್ತೆ. ಅದರಲ್ಲಿ ಕಾಂಟ್ಯಾಕ್ಟ್ಸ್ ಒತ್ತಿ. ಯಾವ ಯಾವ ಆ್ಯಪ್‌ಗೆ ಕೊಟ್ಟಿದ್ದೀರಿ ಅಂತ ಪಟ್ಟಿ ಬರುತ್ತೆ. ಫೋನ್ ಮಾಡಲು, ಮೆಸೇಜ್ ಕಳಿಸಲು ಬೇಕಾದವನ್ನು ಬಿಟ್ಟು ಉಳಿದದ್ದಕ್ಕೆ ಬೇಡ ಅಂತ ಒತ್ತಿ. ಏನಾಗುತ್ತೆ ನೋಡಿ. ಬಹಳಷ್ಟು ಆ್ಯಪ್ ಏನೂ ಆಗದ ಹಾಗೆ ನಡೆಯುತ್ತವೆ. ಲೊಕೇಶನ್‌ಗೆ "ಬಳಸುವಾಗ ಮಾತ್ರ" ಅಂತ ಇಡಿ. ಇನ್ನು ಮುಂದೆ ಹಳೆಯ ಗ್ರಾಹಕರಿಗೂ ಕಂಪನಿಗಳು ಹೊಸ ನೋಟಿಸ್ ಕಳಿಸಬೇಕಾಗುತ್ತದೆ, ಕಾಯ್ದೆ ಹಾಗಂದಿದೆ. ಅವು ಸಾಲುಸಾಲಾಗಿ ಬಂದಾಗ ಎರಡೇ ಹುಡುಕಿ: ಕನ್ನಡ ಆರಿಸುವ ಜಾಗ ಎಲ್ಲಿದೆ, ಒಪ್ಪಿಗೆ ವಾಪಸ್ ತೆಗೆದುಕೊಳ್ಳುವ ಲಿಂಕ್ ಎಲ್ಲಿದೆ. ಸಿಗದಿದ್ದರೆ ಮೊದಲು ಆ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ, ಅಲ್ಲಿ ಆಗದಿದ್ದರೆ ಈ ಕಾಯ್ದೆಯಡಿ ದೂರು ಕೇಳುವ ದತ್ತಾಂಶ ಸಂರಕ್ಷಣಾ ಮಂಡಳಿಗೆ. ಕಂಪನಿಗೆ ಬರೆದ ಮೇಲ್‌ನ ಒಂದು ಪ್ರತಿ ಇಟ್ಟುಕೊಳ್ಳಿ ಸರ್, ಮಂಡಳಿಗೆ ಹೋಗುವಾಗ ಅದು ಬೇಕಾಗುತ್ತೆ.